ಓದದೆ ಬಿಟ್ಟ ಎರಡು ಪುಟಗಳು

ನಾನು ಎಸ್ಸೆಸ್ಸೆಲ್ಸಿಗಿಂತ ಹೆಚ್ಚು ಓದಿದವನಲ್ಲ. ನನ್ನ ಕಾಲದಲ್ಲಿ ಬ್ಯಾಂಕಿನ ಗುಮಾಸ್ತೆ ಕೆಲಸಕ್ಕೆ ಅಷ್ಟು ಸಾಕಾಗಿತ್ತು. ಚಿತ್ರದುರ್ಗದ ಕಡೆಯಿಂದ ವಿಜಯವಾಡಕ್ಕೆ ವರ್ಗವಾಗಿ ಬಂದಾಗ ಮಗಳು ಇನ್ನೂ ಹೆಂಡತಿಯ ಸೊಂಟದ ಮೇಲಿದ್ದಳು. ಮೂರು ವರ್ಷ ಇದ್ದು ಹಿಂತಿರುಗುವುದೆಂದು ಬಂದವರು ಅಲ್ಲೇ ಉಳಿದೆವು. ಬ್ಯಾಂಕಿನಲ್ಲಿ ನನಗೆ ಟಪಾಲಿನ ಕೆಲಸ. ಬಂದ ಕಾಗದಕ್ಕೆ ನಂಬರು ಹಾಕಿ ಆಯಾ ಮೇಜಿಗೆ ಕಳಿಸುವುದು, ಹೋಗುವ ಕಾಗದವನ್ನು ಮಡಚಿ, ಅಂಟಿಸಿ, ರಿಜಿಸ್ಟರ್ಡ್ ಆದರೆ ತಲುಪಿದ್ದಕ್ಕೆ ಸಹಿಯಾದ ಕಾರ್ಡು ವಾಪಸು ಬರುವವರೆಗೆ ಕಾದು, ಬಂದಮೇಲೆ ಫೈಲಿಗೆ ಸೇರಿಸುವುದು. ಇಪ್ಪತ್ತೈದು ವರ್ಷ ಇದನ್ನೇ ಮಾಡಿದೆ. ಒಂದು ಕಾರ್ಡನ್ನೂ ಕಳೆದವನಲ್ಲ.

ಮಗಳು ತೆಲುಗು ಶಾಲೆಯಲ್ಲಿ ಓದಿದಳು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದಳು, ಆದರೆ ಓದಲು ಬರೆಯಲು ಕಲಿಯಲಿಲ್ಲ. ನಾವೂ ಕಲಿಸಲಿಲ್ಲ. ಅಮ್ಮನ ಜೊತೆ ಮಾತಾಡಲು ಅಕ್ಷರ ಯಾಕೆ ಬೇಕು ಎಂದುಕೊಂಡಿದ್ದೆವು.

ನನ್ನ ಓದೆಲ್ಲ ಕಾದಂಬರಿಗಳದ್ದು. ಅಲ್ಲಿನ ಕನ್ನಡ ಸಂಘದ ಪುಸ್ತಕದ ಬೀರು, ಇಡಲು ಜಾಗವಿಲ್ಲದೆ, ನಮ್ಮ ಮನೆಯ ನಡುಕೋಣೆಯಲ್ಲಿತ್ತು. ಅದರಲ್ಲಿ ನನಗೆ ಬೇಕಾದವು ಪ್ರೀತಿ ಮುರಿದು ಬಿದ್ದ ಕತೆಗಳು ಮಾತ್ರ. ಮದುವೆಯಲ್ಲಿ ಮುಗಿಯುವ ಪುಸ್ತಕವನ್ನು ಅರ್ಧಕ್ಕೇ ಮುಚ್ಚುತ್ತಿದ್ದೆ. ಹುಡುಗ ಹುಡುಗಿ ಬೇರೆಯಾಗುವ ಕಡೆ ಕಣ್ಣು ಒದ್ದೆಯಾಗುತ್ತಿತ್ತು, ಅದನ್ನು ಮರೆಮಾಡಲೂ ಹೋಗುತ್ತಿರಲಿಲ್ಲ. ಓದುವಾಗ ನಾನು ಯಾವಾಗಲೂ ಕೈಬಿಟ್ಟುಹೋದವರ ಪಕ್ಕದಲ್ಲಿ ಕೂತಿರುತ್ತಿದ್ದೆ. ಎಲ್ಲ ಓದುಗರೂ ಅಲ್ಲೇ ಕೂರುತ್ತಾರೆ ಎಂದು ಬಹಳ ಕಾಲ ತಿಳಿದಿದ್ದೆ.

ಮಗಳು ಲ್ಯಾಬ್ ಟೆಕ್ನಿಶಿಯನ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದಾಗ ಹೆಂಡತಿ ತೀರಿಕೊಂಡಳು. ಹತ್ತು ದಿನದ ಜ್ವರ, ಅಷ್ಟೇ. ನಾನು ಅಳಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಬ್ಯಾಂಕಿಗೆ ಹೋಗಿ, ಉಳಿದುಹೋಗಿದ್ದ ಟಪಾಲನ್ನೆಲ್ಲ ಸಂಜೆಯೊಳಗೆ ಮುಗಿಸಿದೆ. ಗಟ್ಟಿ ಮನುಷ್ಯ ಎಂದರು. ಅವಳು ಕಾಫಿ ಕುಡಿಯುತ್ತಿದ್ದ ಹಿತ್ತಾಳೆ ಲೋಟವನ್ನು ಮಗಳು ತೊಳೆದು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬೋರಲು ಹಾಕಿದಳು. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಮುಟ್ಟಬಾರದು ಎಂದು ಯಾರೂ ಹೇಳಿರಲೂ ಇಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಮಗಳು ಗವರ್ನರ್‌ಪೇಟೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಸಂಘದ ರಾಜ್ಯೋತ್ಸವಕ್ಕೆ ಧಾರವಾಡದ ಕಡೆಯ ಹುಡುಗನೊಬ್ಬ ಬಂದ. ಔಷಧ ಕಂಪನಿಯವನು, ವಿಜಯವಾಡದಲ್ಲಿ ರೂಮು ಮಾಡಿಕೊಂಡಿದ್ದ. ಪುಸ್ತಕ ಬೇಕೆಂದು ಮನೆಗೆ ಬಂದವನು ಆಮೇಲೆ ಭಾನುವಾರಗಳ ಊಟಕ್ಕೂ ಬರತೊಡಗಿದ. ನನ್ನನ್ನು ಕಾಕಾ ಎಂದು ಕರೆಯುತ್ತಿದ್ದ. ಮಗಳು ಆಂಧ್ರದ ಹುಡುಗಿಯರಂತೆ ಗೋಂಗೂರ ಚಟ್ನಿಯನ್ನು ಅನ್ನದ ಮೇಲೆ ಸುರಿದುಕೊಳ್ಳುವುದನ್ನು ನೋಡಿ, “ಕಾಕಾ, ನಿಮ್ಮ ಮಗಳ ಕನ್ನಡದಾಗೂ ಉಪ್ಪಿಲ್ರಿ, ಬರೇ ಖಾರ ಐತಿ,” ಎಂದ. ಮಗಳು ತಲೆಯೆತ್ತದೆಯೇ ನನಗೆ ಹೇಳಿದಳು: “ಅಪ್ಪಾ, ಇವ್ರು ಮಾತಾಡಿದ್ರೆ ನಂಗೆ ಸಗಂ ಅರ್ಥ ಆಗತ್ತೆ, ಮಿಕ್ಕ ಸಗಂಗೆ ನಗು ಬರತ್ತೆ.” ಸಗಂ ಎಂದರೆ ತೆಲುಗಿನಲ್ಲಿ ಅರ್ಧ. ಅವನು ಆವತ್ತಿನಿಂದ ಅವಳನ್ನು ಸಗಂ ಎಂದೇ ಕರೆದ.

ಮರುವರ್ಷ ಅವನಿಗೆ ವಿಶಾಖಪಟ್ಟಣದ ಹತ್ತಿರ ಪರವಾಡದ ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೋಗುವ ಮೊದಲು ಅವನ ತಂದೆ ನನಗೆ ಕಾಗದ ಬರೆದರು. ಹುಡುಗನ ಜಾತಕ ಇಟ್ಟಿದ್ದರು, ಕನ್ಯೆಯ ಜಾತಕ ಕಳಿಸಿ ಎಂದು ಕೇಳಿದ್ದರು. ನಮ್ಮ ಪೈಕಿಯವರೇ. ಕುಲ, ಮನೆತನ, ಕೆಲಸ, ಯಾವುದರಲ್ಲೂ ಹೆಸರಿಡುವಂಥದ್ದಿರಲಿಲ್ಲ. ಮಗಳ ಜಾತಕ ಕಳಿಸಿದೆ. ಅವಳ ಮುಖ ನೋಡಿದರೆ ಒಪ್ಪಿಗೆಯೇ ಎಂದು ಬೇರೆ ಕೇಳಬೇಕಾಗಿರಲಿಲ್ಲ.

ಅದಾದ ಮುಂದಿನ ಭಾನುವಾರ ಅವನು ಊಟಕ್ಕೆ ಬಂದ. ಊಟವಾದ ಮೇಲೆ ಅಡುಗೆಮನೆಯಲ್ಲಿ ಇಬ್ಬರೂ ನಗುತ್ತಿದ್ದರು. ನಾನು ನಡುಕೋಣೆಯಲ್ಲಿ ಕಾಫಿಗೆ ಕಾಯುತ್ತಿದ್ದೆ. ಅವನು ಲೋಟ ಹಿಡಿದು ಹೊರಗೆ ಬಂದ. ಅವನ ಕೈಯಲ್ಲಿದ್ದುದು ಆ ಹಿತ್ತಾಳೆ ಲೋಟ. ಮಗಳು ಅದನ್ನು ಹುಣಸೇಹಣ್ಣು ಹಾಕಿ ತಿಕ್ಕಿ ಹೊಳೆಯಿಸಿದ್ದಳು. ನನ್ನ ಕಾಫಿ ತರುವುದನ್ನು ಆವತ್ತು ಮರೆತಳು. ಅರ್ಧ ಗಂಟೆಯ ಮೇಲೆ ನೆನಪಾಗಿ ತಂದುಕೊಟ್ಟಳು, ಅದು ಬೇರೆ ಮಾತು.

ಸೋಮವಾರ ನಾನು ಹುಡುಗನ ಜಾತಕವನ್ನು ವಾಪಸು ಕಳಿಸಿದೆ.

ನಮ್ಮಲ್ಲಿ ಒಂದು ಸಂಬಂಧ ಬೇಡವೆಂದರೆ ಬೇಡ ಎಂದು ಹೇಳುವುದಿಲ್ಲ. ಜಾತಕ ಕೂಡಿಬರಲಿಲ್ಲ ಎಂದು ಒಂದು ಸಾಲು ಬರೆದು, ಬಂದ ಜಾತಕವನ್ನು ಅರಿಸಿನದ ಬೊಟ್ಟು ಕೆಡದ ಹಾಗೆ ಮಡಚಿ ಹಿಂದಕ್ಕೆ ಕಳಿಸುತ್ತೇವೆ. ಅವರೂ ನಮ್ಮದನ್ನು ಹಿಂದಕ್ಕೆ ಕಳಿಸುತ್ತಾರೆ. ಯಾವ ಜೋಯಿಸರು ನೋಡಿದರು, ಎಷ್ಟು ಗುಣ ಕೂಡಿತು, ಯಾರೂ ಕೇಳುವುದಿಲ್ಲ. ಕೇಳಿದರೆ ಕೇಳಿದವರ ಮಾನ ಹೋಗುತ್ತದೆ. ಇಬ್ಬರ ಮರ್ಯಾದೆಯೂ ಉಳಿಯಲಿ ಎಂದು ಹಿರಿಯರು ಮಾಡಿದ ಏರ್ಪಾಡು. ಒಳ್ಳೆಯದೇ. ಆದರೆ ಅದರೊಳಗೆ ಏನನ್ನು ಬೇಕಾದರೂ ಬಚ್ಚಿಡಬಹುದು.

ನಾನು ಆ ಜಾತಕವನ್ನು ಯಾವ ಜೋಯಿಸರಿಗೂ ತೋರಿಸಿರಲಿಲ್ಲ. ಸರಿಯಾಗಿ ಬಿಚ್ಚಿ ಕೂಡ ನೋಡಿರಲಿಲ್ಲ. ಕಾಗದ ಬರೆದೆ, ಲಕೋಟೆ ಅಂಟಿಸಿದೆ, ಊಟದ ಬಿಡುವಿನಲ್ಲಿ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿದೆ. ಎಂಟು ಹತ್ತು ದಿನಕ್ಕೆ ಹುಡುಗನ ತಂದೆಯ ಸಹಿಯಾದ ಕಾರ್ಡು ಬ್ಯಾಂಕಿನ ವಿಳಾಸಕ್ಕೆ ಬಂತು. ಅದನ್ನು ಹರಿಯಲು ಕೈ ಬರಲಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ಕವರಿನಲ್ಲಿಟ್ಟೆ.

ಮತ್ತೆ ಸ್ವಲ್ಪ ದಿನಕ್ಕೆ, ನಿರೀಕ್ಷಿಸಿದಂತೆ, ಮಗಳ ಜಾತಕ ಮನೆಗೆ ಬಂತು. ಅವತ್ತು ಅವಳಿಗೆ ರಜೆ, ಲಕೋಟೆಯನ್ನು ತೆಗೆದುಕೊಂಡವಳು ಅವಳೇ. ನಾನು ಬಂದಾಗ ಮೇಜಿನ ಮೇಲೆ ಜಾತಕವೂ ಅದರ ಜೊತೆ ಬಂದ ಕಾಗದವೂ ಬಿಚ್ಚಿಕೊಂಡಿದ್ದವು. ಅವಳು ಎದುರಿಗೆ ಕೂತಿದ್ದಳು.

“ವಾಪಸ್ ಕಳ್ಸಿದಾರೆ,” ಎಂದಳು. “ಏನ್ ಬರ್ದಿದಾರೆ ಓದಿ ಅಪ್ಪಾ.”

ಓದಿದೆ. ಕಾಗದ ಹತ್ತು ಹನ್ನೆರಡು ಸಾಲಿತ್ತು. ನಾನು ಐದು ಓದಿದೆ. ಕ್ಷೇಮ ಎಂಬುದು, ಜಾತಕ ಕೂಡಿಬರಲಿಲ್ಲವೆಂಬುದು, ಇನ್ನು ನಾವು ಹೇಳುವುದೇನೂ ಉಳಿದಿಲ್ಲ ಎಂಬುದು, ಕನ್ಯೆಯ ಜಾತಕ ಇದರೊಂದಿಗೆ ಇಟ್ಟಿದೆ ಎಂಬುದು, ನಮಸ್ಕಾರ. ಇವೆಲ್ಲ ಕಾಗದದಲ್ಲಿ ಇದ್ದ ಮಾತುಗಳೇ. ನಾನಾಗಿ ಒಂದು ಅಕ್ಷರವನ್ನೂ ಸೇರಿಸಲಿಲ್ಲ. ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಲಿಲ್ಲ ಎಂಬ ಸಮಾಧಾನದ ಮೇಲೆ ಅನೇಕ ವರ್ಷ ಊಟ ನಿದ್ದೆ ಮಾಡಿದೆ.

ಅವಳು ಕಾಗದವನ್ನು ಮಡಚಿ ತನ್ನ ಕೋಣೆಗೆ ಒಯ್ದಳು. ಅವನು ಒಂದು ಸಲ ಆಸ್ಪತ್ರೆಯ ಲ್ಯಾಬಿಗೆ ಫೋನು ಮಾಡಿದನಂತೆ. ಬೇಡವೆಂದು ಜಾತಕ ಕಳಿಸಿದವರ ಜೊತೆ ಏನು ಮಾತು ಎಂದು ಇವಳು ಫೋನಿಗೆ ಹೋಗಲಿಲ್ಲ. ಬೇಡವೆಂದವಳು ಫೋನಿಗೂ ಬರಲಿಲ್ಲ ಎಂದು ಅವನು ತಿಳಿದಿರಬೇಕು. ಇಷ್ಟರಲ್ಲೇ ಮುಗಿಯಿತು. ಕಾದಂಬರಿಯಲ್ಲಾದರೆ ಇದಕ್ಕೆ ನೂರು ಪುಟ ಬೇಕಾಗುತ್ತದೆ.

ಅವಳು ಅತ್ತದ್ದನ್ನು ನಾನು ಕಾಣಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು. ಭಾನುವಾರ ಮಾತ್ರ ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತಿದ್ದಳು. ಬೀರುವಿನಿಂದ ಒಂದು ಕಾದಂಬರಿ ತೆಗೆದು, ಓದಿ ಹೇಳಲೇ ಎಂದು ಕೇಳಿದೆ. ಸರೇ ಎಂದಳು. ಅಲ್ಲಿಂದ ಭಾನುವಾರಗಳ ಮಧ್ಯಾಹ್ನ ನಾನು ಓದುವುದು, ಅವಳು ಇಸ್ತ್ರಿ ಮಾಡುತ್ತಲೋ ಸೊಪ್ಪು ಬಿಡಿಸುತ್ತಲೋ ಕೇಳುವುದು ರೂಢಿಯಾಯಿತು. ಕಿಟಕಿಯಿಂದ ಇಂದ್ರಕೀಲಾದ್ರಿಯ ಒಂದು ತುಂಡು ಕಾಣುತ್ತಿತ್ತು, ಬಿಸಿಲಿಗೆ ಬಿಳಿಚಿಕೊಂಡ ಬಂಡೆ. ಕಣ್ಣಿಗೆ ಬಿಡುವು ಬೇಕೆನಿಸಿದಾಗ ಅದನ್ನು ನೋಡುತ್ತಿದ್ದೆ.

ನಾನು ಪ್ರೀತಿ ಮುರಿದ ಕತೆಗಳನ್ನೇ ಆರಿಸುತ್ತಿದ್ದೆ. ಅವಳ ಮನಸ್ಸು ಹಗುರಾಗಲಿ ಎಂಬುದು ನಾನು ನನಗೆ ಹೇಳಿಕೊಂಡ ಕಾರಣ. ಎರಡನೆಯದೋ ಮೂರನೆಯದೋ ಪುಸ್ತಕದಲ್ಲಿ ಹುಡುಗಿಯ ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಹುಡುಗನನ್ನು ಕಂಡು ಒಂದು ಮಾತು ಹೇಳಿ ಕಳಿಸಿಬಿಡುವ ಭಾಗ ಬಂತು. ಎರಡು ಪುಟ. ನನ್ನ ನಾಲಿಗೆ ಅಲ್ಲಿ ನಿಂತಿತು. ಪುಟ ಮಗುಚಿ ಮುಂದಿನ ಅಧ್ಯಾಯ ಓದಿದೆ. ಹುಡುಗ ಊರಲ್ಲಿಲ್ಲ, ಹೋಗಿಬಿಟ್ಟಿದ್ದಾನೆ. ಕತೆಗೆ ಏನೂ ಕೊರತೆಯಾಗಲಿಲ್ಲ. ಅವಳಿಗೂ ಸಂಶಯ ಬರಲಿಲ್ಲ. ಆಮೇಲೆ ಅಂಥ ಪುಟಗಳನ್ನು ಮುಂಚೆಯೇ ಗುರುತಿಸಿ ಹಾರಿಸುವುದು ಅಭ್ಯಾಸವಾಯಿತು. ನಾನು ಓದಿದ ಯಾವ ಕಾದಂಬರಿಯಲ್ಲೂ ಹುಡುಗಿಗೆ ಅಪ್ಪನಿಂದ ತೊಂದರೆಯಾಗಲಿಲ್ಲ. ಹುಡುಗರು ತಾವಾಗಿ ಹೋದರು.

ಒಂದು ದಿನ ಸೊಪ್ಪು ಬಿಡಿಸುತ್ತಾ ಅವಳು ಕೇಳಿದಳು: “ಯಾಕಪ್ಪಾ ಎಲ್ಲಾ ಕತೇಲೂ ಸುಮ್ನೆ ಹೋಗಿಬಿಡ್ತಾರೆ? ಆ ಹುಡುಗೀರಲ್ಲೇ ಏನೋ ಕಮ್ಮಿ ಇರತ್ತಾ?”

ಕತೆ ಹಾಗೇ ಇರುತ್ತದಮ್ಮ ಎಂದೆ. ಮುಂದಿನ ಎರಡು ವರ್ಷಗಳಲ್ಲಿ ಬೇರೆ ಎರಡು ಸಂಬಂಧ ಬಂದವು. ಎರಡಕ್ಕೂ ಅವಳು ಒಪ್ಪಲಿಲ್ಲ. ಮೊದಲು ಬಂದವರಿಗೆ ಕಂಡದ್ದು ಇವರಿಗೂ ಇವತ್ತಲ್ಲ ನಾಳೆ ಕಾಣುತ್ತದೆ ಎಂದಳು. ನನಗೆ ದುಃಖವಾಯಿತು ಎಂದು ಬರೆಯಬೇಕು. ಆಗ ಆದದ್ದು ದುಃಖ ಮಾತ್ರವಲ್ಲ, ಒಂದು ಬಗೆಯ ನಿರಾಳವೂ ಆಯಿತು. ಅದನ್ನು ಇಲ್ಲಿ ಬಿಟ್ಟರೆ ಇದೂ ಇನ್ನೊಂದು ಹಾರಿಸಿದ ಪುಟವಾಗುತ್ತದೆ.

ನಾನು ನಿವೃತ್ತನಾದ ವರ್ಷ ಮಗಳಿಗೆ ವಿಶಾಖಪಟ್ಟಣದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋದೆವು. ಅದೇ ಊರನ್ನು ಯಾಕೆ ಆರಿಸಿದಳೆಂದು ನಾನು ಕೇಳಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಬೆಳಿಗ್ಗೆ ಪರವಾಡದ ಕಂಪನಿ ಬಸ್ಸುಗಳು ನಿಲ್ಲುತ್ತಿದ್ದವು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗರು ಹತ್ತುತ್ತಿದ್ದರು. ಹಾಲಿಗೆ ಹೋಗುವಾಗ ನಾನು ಆ ತಿರುವನ್ನು ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದೆ. ಅವನು ಅಲ್ಲಿನ ಕೆಲಸ ಬಿಟ್ಟು ಗೋವಾಕ್ಕೆ ಹೋದನೆಂದು ಸಂಘದವರೊಬ್ಬರಿಂದ ತಿಳಿದ ಮೇಲೂ ಕಾಲು ಆ ಕಡೆ ಹೋಗಲಿಲ್ಲ.

ಅಲ್ಲಿನ ಕನ್ನಡಿಗರು ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪುಸ್ತಕ ಓದುತ್ತಿದ್ದರು. ನಾನೂ, ಕೇಳಲೆಂದು ಮಗಳೂ ಹೋಗತೊಡಗಿದೆವು. ಒಬ್ಬರು ಹತ್ತು ಪುಟ ಗಟ್ಟಿಯಾಗಿ ಓದಿ ಪುಸ್ತಕವನ್ನು ಪಕ್ಕದವರಿಗೆ ದಾಟಿಸುವುದು. ಅದನ್ನು ನಡೆಸುತ್ತಿದ್ದವರು ಮೈಸೂರಿನ ಕಡೆಯ ಒಬ್ಬ ಮನೋವೈದ್ಯೆ. ಮಗಳ ಆಸ್ಪತ್ರೆಗೆ ಎರಡು ವರ್ಷದ ಮಟ್ಟಿಗೆ ಬಂದಿದ್ದರು. ವಯಸ್ಸು ನಲವತ್ತರ ಒಳಗೆ. ಅವರು ಹೇಳುತ್ತಿದ್ದುದು ನನ್ನಂಥವನಿಗೂ ತಿಳಿಯುವ ಹಾಗಿರುತ್ತಿತ್ತು. ಕತೆಯಲ್ಲಿ ಪ್ರೀತಿ ಮುರಿದಾಗ ನಾವು ಅಳುವುದು ಆ ಇಬ್ಬರಿಗಾಗಿ ಮಾತ್ರವಲ್ಲ, ನಾವೇ ಹಿಂದೆಂದೋ ಕಳೆದುಕೊಂಡು ಅಳದೆ ಉಳಿಸಿಕೊಂಡ ಯಾರಿಗಾಗಿಯೋ ಅಳುತ್ತೇವೆ ಎಂದರು. ಕೈಬಿಟ್ಟವರ ಮೇಲಿನ ಸಿಟ್ಟಿಗೆ ಹೋಗಲು ಜಾಗ ಸಿಗದಿದ್ದಾಗ ಅದು ತಿರುಗಿ ತನ್ನ ಮೇಲೇ ಬರುತ್ತದೆ, ಅದಕ್ಕೇ ಕಾದಂಬರಿಯ ಹುಡುಗಿಯರು ಕನ್ನಡಿಯ ಮುಂದೆ ನಿಂತು ತಮ್ಮ ತಪ್ಪು ಹುಡುಕುತ್ತಾರೆ ಎಂದರು. ಒಬ್ಬ ನಿವೃತ್ತ ಇಂಜಿನಿಯರು, “ಡಾಕ್ಟ್ರಮ್ಮ, ನಾವು ಕತೆ ಓದೋಕೆ ಬಂದ್ವೋ, ಅಡ್ಮಿಟ್ ಆಗೋಕೆ ಬಂದ್ವೋ?” ಎಂದು ಕೇಳಿದರು. “ಮೊದಲು ಕತೆ ಓದಿ ಸಾರ್. ಮಿಕ್ಕಿದ್ದು ಉಪ್ಪಿಟ್ಟು ತಿಂದಮೇಲೆ ನೋಡೋಣ,” ಎಂದರು ಅವರು.

ಆ ಸಲ ಆರಿಸಿದ ಪುಸ್ತಕ ನಾನು ವಿಜಯವಾಡದಲ್ಲಿ ಮಗಳಿಗೆ ಓದಿ ಹೇಳಿದ್ದ ಆ ಸ್ಟೇಷನ್ನಿನ ಕಾದಂಬರಿ. ನನಗೆ ಬಂದ ಹತ್ತು ಪುಟ ಬೇರೆ ಎಲ್ಲಿಯದೋ. ಆ ಎರಡು ಪುಟ ಒಬ್ಬ ನರ್ಸ್ ಹುಡುಗಿಯ ಪಾಲಿಗೆ ಬಂದವು. ಅವಳು ಒಂದೇ ಸಮನೆ ಓದಿದಳು. ಅಪ್ಪ ಕೊಡೆ ಊರಿಕೊಂಡು ನಿಂತದ್ದು, ಹುಡುಗನ ಟ್ರಂಕನ್ನು ತಾನೇ ಎತ್ತಿ ರೈಲಿನೊಳಗೆ ಇಟ್ಟದ್ದು, ಅವಳೇ ಹೇಳಿ ಕಳಿಸಿದಳಪ್ಪಾ ಎಂದದ್ದು. ಮಗಳು ಗೋಡೆಗೊರಗಿ ಕೂತಿದ್ದಳು. ತಲೆಯೆತ್ತಿ ಮೊದಲು ಓದುವವಳನ್ನು, ಆಮೇಲೆ ನನ್ನನ್ನು ನೋಡಿದಳು.

ಓದು ಮುಗಿದ ಮೇಲೆ ಡಾಕ್ಟರು ಹೇಳಿದರು: “ಇಂಥ ಕತೇಲೆಲ್ಲ ಒಬ್ಬ ಅಪ್ಪ ಇರ್ತಾನೆ, ಗಮನಿಸಿದೀರಾ? ಮುನ್ನೂರು ಪುಟದಲ್ಲಿ ಅವನಿಗೆ ಸಿಗೋದು ಎರಡೇ ಪುಟ. ಬರೆಯೋರೂ ಅವಸರದಲ್ಲಿ ಬರೀತಾರೆ, ನಾವೂ ಅವಸರದಲ್ಲಿ ಓದ್ತೀವಿ. ಅವನ ಹತ್ತಿರ ನಿಲ್ಲೋಕೆ ಯಾರಿಗೂ ಇಷ್ಟ ಇಲ್ಲ. ನನಗೇನೋ ಅಲ್ಲೇ ನಿಲ್ಲಬೇಕು ಅನ್ಸತ್ತೆ. ಅವನು ಏನು ಕಳ್ಕೊಂಡಿದ್ದ?”

ಅಷ್ಟರಲ್ಲಿ ಉಪ್ಪಿಟ್ಟು ಬಂತು.

ಆಟೋದಲ್ಲಿ ಹಿಂತಿರುಗುವಾಗ ಮಗಳು, ನಾನು ಓದಿದಾಗ ಆ ಸ್ಟೇಷನ್ನಿನ ಭಾಗ ಇರಲಿಲ್ಲ ಎಂದಳು. ಇತ್ತು, ನೀನು ಮರೆತಿರಬೇಕು ಎಂದೆ. ಇಷ್ಟು ವರ್ಷಗಳಲ್ಲಿ ನಾನು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದು. ಅವಳು ರಸ್ತೆಯ ಕಡೆ ನೋಡಿಕೊಂಡು, “ನಾನು ಮರೆಯಲ್ಲಪ್ಪಾ. ನೀವು ಓದಿದ್ರಲ್ಲಿ ಆತ ಸುಮ್ನೆ ಹೋದ,” ಎಂದಳು.

ಮರುವಾರ ಅವಳು ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರಿನ ಮುಂದೆ ನಿಂತು ತಿಥಿ ನಕ್ಷತ್ರಗಳ ಹೆಸರನ್ನು ಬೆರಳಿಟ್ಟು ಓದುತ್ತಿದ್ದಳು. ಏನು ಇದು ಎಂದೆ. “ತೆಲುಗೇ ಅಲ್ವಾ ಅಪ್ಪಾ. ತಲೆಕಟ್ಟು ಬೇರೆ, ಅಷ್ಟೇ,” ಎಂದಳು.

ನನ್ನ ಮೂರ್ಖತನ ನನಗೆ ಆಗ ತಿಳಿಯಿತು. ವಿಜಯವಾಡಕ್ಕೆ ಬಂದ ಹೊಸತರಲ್ಲಿ ನಾನೂ ಏಲೂರು ರಸ್ತೆಯ ಅಂಗಡಿಗಳ ಬೋರ್ಡು ನೋಡುತ್ತಾ ನಡೆದು, ನನ್ನ ಕನ್ನಡದ ಅಕ್ಷರಗಳನ್ನೇ ಹಿಡಿದುಕೊಂಡು, ಒಂದು ತಿಂಗಳಲ್ಲಿ ತೆಲುಗು ಓದಲು ಕಲಿತಿದ್ದೆ. ಇತ್ತ ಕಡೆಯಿಂದ ಅತ್ತ ಕಡೆಗೆ ನಾನು ದಾಟಿದ ಕಾಲುವೆಯನ್ನು ಅತ್ತ ಕಡೆಯವರೂ ದಾಟಬಹುದು ಎಂಬುದು ಇಪ್ಪತ್ತೈದು ವರ್ಷ ನನಗೆ ಹೊಳೆದಿರಲಿಲ್ಲ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದನ್ನು ನಾನು ಬೀಗ ಹಾಕಿದ ಬಾಗಿಲೆಂದು ನಂಬಿದ್ದೆ. ಅದಕ್ಕೆ ಚಿಲಕವೂ ಇರಲಿಲ್ಲ. ಆ ಕಾಗದ ಅವಳ ಹತ್ತಿರವೇ ಇತ್ತು.

ಅವಳು ಅದನ್ನು ಓದುವ ಮೊದಲು ನಾನೇ ಹೇಳಬೇಕು ಎಂದು ನಿಶ್ಚಯಿಸಿದೆ. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ನಡೆಯುವಾಗ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮನೆಗೆ ಬಂದರೆ ಅವಳು ಡಬ್ಬಿ ಕಟ್ಟುತ್ತಿರುತ್ತಿದ್ದಳು. ಸಂಜೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಸಂಜೆ ಅವಳು ದಣಿದು ಬರುತ್ತಿದ್ದಳು. ಹೀಗೆ ಎರಡು ತಿಂಗಳಾಯಿತು.

ಮುಂದಿನ ಓದಿನ ಭಾನುವಾರ ಮಗಳಿಗೆ ಡ್ಯೂಟಿ ಇತ್ತು, ನಾನೊಬ್ಬನೇ ಹೋಗಿದ್ದೆ. ಎಲ್ಲರೂ ಎದ್ದ ಮೇಲೆ ಡಾಕ್ಟರ ಹತ್ತಿರ ಹೋಗಿ, ಒಂದು ಹಳೆಯ ಕಾದಂಬರಿಯಲ್ಲಿ ಒಬ್ಬ ಅಪ್ಪನ ಪಾತ್ರವಿದೆ, ಅದರ ಬಗ್ಗೆ ಕೇಳಬೇಕಿತ್ತು ಎಂದೆ. ಪುಸ್ತಕದ ಹೆಸರನ್ನು ಅವರು ಕೇಳಲಿಲ್ಲ. ಜಾತಕದ ವಿಷಯ, ಕಾಗದದ ವಿಷಯ, ಸಹಿಯಾದ ಕಾರ್ಡಿನ ವಿಷಯ ಹೇಳಿದೆ. ಹಿತ್ತಾಳೆ ಲೋಟದ ವಿಷಯವನ್ನೂ ಹೇಳಿದೆ. ಯಾಕೆ ಹೇಳಿದೆನೋ ತಿಳಿಯದು. ಅವರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಾ ಕೇಳಿಸಿಕೊಂಡರು.

“ಆ ಕಾರ್ಡನ್ನ ಅವನು ಸುಟ್ಟುಹಾಕಿದ್ನಾ?” ಎಂದು ಕೇಳಿದರು.

“ಇಲ್ಲ. ಇಟ್ಕೊಂಡಿದಾನೆ.”

“ಬಚ್ಚಿಡೋರು ಹಾಗೇನೇ. ಯಾರಾದ್ರೂ ಹುಡುಕಲಿ ಅಂತ ಒಂದು ತುದಿ ಹೊರಗೆ ಬಿಟ್ಟಿರ್ತಾರೆ.” ಇನ್ನೊಂದು ಕುರ್ಚಿ ಎತ್ತುತ್ತಾ, “ಹುಡುಗಿ ಏನಂದ್ಕೊಂಡಿದಾಳೆ ಆ ಕತೇಲಿ?” ಎಂದರು.

“ತನ್ನಲ್ಲೇ ಏನೋ ಕಮ್ಮಿ ಅಂತ.”

ಅವರ ಕೈಯಲ್ಲಿದ್ದ ಕುರ್ಚಿ ಅಲ್ಲೇ ನಿಂತಿತು. “ಹಾಗಾದ್ರೆ ಮದುವೆ ತಪ್ಪಿಸಿದ್ದು ಅವನ ಸಣ್ಣ ತಪ್ಪು. ಇದು ದೊಡ್ಡದು. ಹೆಂಡತಿಗೆ ಅಳದೆ ಇದ್ದದ್ದನ್ನ ಮಗಳ ತಲೆ ಮೇಲೆ ಹೊರಿಸಿದಾನೆ. ಆ ಕತೆ ಹೇಗೆ ಮುಗಿಯತ್ತೆ ಅಂತ ನಂಗೆ ಹೇಳೋದು ಬೇಡ ಸಾರ್. ಅವಳಿಗೆ ಹೇಳಲಿ ಅವನು.”

ಬಸ್ಸಿನಲ್ಲಿ ಬರುವಾಗ ಇನ್ನೊಂದು ವಿಷಯ ಹೊಳೆಯಿತು. ಜಾತಕ ವಾಪಸು ಕಳಿಸಿದ ಅದೇ ತಿಂಗಳು ನಾನು ಒಂದು ಕಾದಂಬರಿ ಓದಿ ಬಿಕ್ಕಿಬಿಕ್ಕಿ ಅತ್ತಿದ್ದೆ. ಅದರಲ್ಲಿ ಹುಡುಗಿಯ ಮನೆಯವರು ಹುಡುಗನನ್ನು ದೂರ ಮಾಡುತ್ತಾರೆ. ಎಂಥ ಕಲ್ಲು ಮನಸ್ಸಿನ ಜನ ಎಂದು ಶಪಿಸಿದ್ದೆ. ನಾನು ಶಪಿಸಿದವರ ಸಾಲಿನಲ್ಲಿ ನಾನೂ ಇದ್ದೇನೆ ಎಂದು ಆಗ ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ಪುಸ್ತಕದಲ್ಲಿ ಅತ್ತದ್ದರಿಂದಲೇ ಮನೆಯಲ್ಲಿ ಕಣ್ಣು ಒಣಗಿತ್ತೋ ಏನೋ. ಇಷ್ಟು ಮಾತ್ರ ನಾನು ಆ ಡಾಕ್ಟರ ಓದಿನಿಂದ ಕಲಿತದ್ದು. ಉಳಿದ ದೊಡ್ಡ ಮಾತುಗಳು ನನಗೆ ತಿಳಿದಿವೆ ಎಂದರೆ ಅದು ಬಡಾಯಿಯಾದೀತು.

ಮಾರನೆಯ ಭಾನುವಾರ ತಿಂಡಿಯಾದ ಮೇಲೆ ಹೇಳಿಯೇಬಿಡುವುದೆಂದು ಕೂತೆ. ತಟ್ಟೆ ಎತ್ತಿಟ್ಟು ಬಂದವಳು ನಾನು ಬಾಯಿ ತೆರೆಯುವ ಮೊದಲೇ ಆ ಕಾಗದವನ್ನು ತಂದು ಮೇಜಿನ ಮೇಲಿಟ್ಟಳು. ಮಡಿಕೆಗಳಲ್ಲಿ ಹರಿಯುವಷ್ಟು ಹಳತಾಗಿತ್ತು.

“ಇದನ್ನ ಓದಿ ಅಪ್ಪಾ,” ಎಂದಳು.

ಅವಳಿಗೆ ಅದನ್ನು ಓದುವಷ್ಟು ಅಕ್ಷರ ಬಂದಿದೆಯೋ ಇಲ್ಲವೋ ನನಗೆ ತಿಳಿಯದು. ಬಾರದಿದ್ದರೆ ಹಳೆಯ ಐದು ಸಾಲನ್ನು ಇನ್ನೊಮ್ಮೆ ಓದಿ ಎದ್ದುಬಿಡಬಹುದಾಗಿತ್ತು. ಆ ಯೋಚನೆ ಬಂತು, ಬರಲಿಲ್ಲ ಎನ್ನಲಾರೆ. ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಿಂದ ಓದಿದೆ.

“ಕ್ಷೇಮ. ತಮ್ಮ ಪತ್ರವೂ ನಮ್ಮ ಹುಡುಗನ ಜಾತಕವೂ ತಲುಪಿದವು. ಜಾತಕ ಕೂಡಿಬರಲಿಲ್ಲವೆಂದು ತಾವು ತಿಳಿಸಿದ ಮೇಲೆ ಇನ್ನು ನಾವು ಹೇಳುವುದೇನೂ ಉಳಿದಿಲ್ಲ. ಆದರೂ ಒಂದು ಮಾತು. ಹುಡುಗ ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ಕನ್ಯೆಯ ಗುಣವನ್ನು ಎಷ್ಟು ಹೊಗಳಿದರೂ ಅವನಿಗೆ ಸಾಲದು. ನಮ್ಮ ಮನೆಯಲ್ಲಿ ಜಾತಕವನ್ನು ಅಷ್ಟಾಗಿ ನೋಡುವ ರೂಢಿ ಇಲ್ಲ. ತಾವು ಇನ್ನೊಮ್ಮೆ ವಿಚಾರ ಮಾಡುವುದಾದರೆ ಒಂದು ಕಾರ್ಡು ಬರೆಯಿರಿ. ಶ್ರಾವಣದವರೆಗೆ ಕಾಯುತ್ತೇವೆ. ತಮ್ಮ ಕನ್ಯೆಯ ಜಾತಕ ಇದರೊಂದಿಗೆ ಇಟ್ಟಿದೆ. ನಮಸ್ಕಾರ.”

ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಅವಳು ಅದರ ಕೆಳತುದಿಗೆ ಒಂದು ಬೆರಳು ಇಟ್ಟಿದ್ದಳು. “ಈ ಸಲ ಪೂರ್ತಿ ಓದಿದ್ರಿ,” ಎಂದಳು.

ಯಾವಾಗ ಓದಿಕೊಂಡೆ ಎಂದು ಕೇಳಿದೆ. ಒಂದು ತಿಂಗಳಾಯಿತು ಎಂದಳು. ನಾನಾಗಿ ಹೇಳುತ್ತೇನೋ ಎಂದು ಕಾದಳಂತೆ. ನಾನು ಎದ್ದುಹೋಗಿ ಸರ್ಟಿಫಿಕೇಟಿನ ಕವರಿನಿಂದ ಆ ಕಾರ್ಡನ್ನು ತಂದು ಕಾಗದದ ಪಕ್ಕದಲ್ಲಿಟ್ಟೆ. ಜಾತಕ ಮೊದಲು ಹೋದದ್ದು ನಮ್ಮಿಂದ ಎಂಬುದಕ್ಕೆ ಅಂಚೆಯ ಮುದ್ರೆ ಅದರಲ್ಲಿತ್ತು. ಆಮೇಲೆ ಎಲ್ಲವನ್ನೂ ಹೇಳಿದೆ. ಯಾವ ಜೋಯಿಸರಿಗೂ ತೋರಿಸಲಿಲ್ಲವೆಂದು, ಹುಡುಗನಲ್ಲಿ ದೋಷವಿರಲಿಲ್ಲವೆಂದು, ಅವಳಲ್ಲಿ ಯಾವತ್ತೂ ಇರಲಿಲ್ಲವೆಂದು, ಮನೆಯಲ್ಲಿ ಒಬ್ಬನೇ ಆಗುವುದಕ್ಕೆ ಹೆದರಿದೆನೆಂದು. ಕ್ಷಮಿಸು ಎಂದೂ ಹೇಳಿದೆ. ಅದು ಅಷ್ಟು ಹೊತ್ತಿನಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬಂದ ಮಾತು. ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಕಡಿಮೆ.

ಅವಳು ಕಾರ್ಡನ್ನು ತಿರುಗಿಸಿ ನೋಡಿದಳು. “ಇದನ್ಯಾಕೆ ಇಟ್ಕೊಂಡಿದ್ರಿ?”

“ರೂಢಿ,” ಎಂದೆ.

“ಅಮ್ಮನ ಲೋಟದಲ್ಲಿ ಕಾಫಿ ಕೊಟ್ಟದ್ದು,” ಎಂದು ನಿಧಾನವಾಗಿ ಹೇಳಿದಳು, “ಅವ್ರು ಬೇಡ ಅಂದಿದ್ರು. ನಾನೇ ಕೊಟ್ಟೆ. ಅಮ್ಮ ಇದ್ದಿದ್ರೆ ಅವಳೇ ಕೊಡ್ತಿದ್ಳು ಅನ್ನಿಸ್ತು.”

ಆಗ ನನಗೆ ಅಳು ಬಂತು. ಯಾರಿಗಾಗಿ ಬಂದದ್ದೆಂದು ಬಿಡಿಸಿ ಹೇಳಲಾರೆ. ಅವಳು ಸಮಾಧಾನ ಮಾಡಲಿಲ್ಲ. ಮಾಡಬೇಕೆಂದು ನಾನು ನಿರೀಕ್ಷಿಸಲೂ ಇಲ್ಲ. ಕಾರ್ಡನ್ನೂ ಕಾಗದವನ್ನೂ ಒಟ್ಟಿಗೆ ಮಡಚಿ ತೆಗೆದುಕೊಂಡು ಹೋದಳು.

ಕೆಲವು ವಾರ ನಮ್ಮ ನಡುವೆ ಹಾಲು, ಗ್ಯಾಸು, ಕರೆಂಟು ಬಿಲ್ಲಿನ ಮಾತುಗಳಷ್ಟೇ ನಡೆದವು. ಆಮೇಲೆ ಒಂದು ದಿನ ಅವಳೇ ಹೇಳಿದಳು, ಗೋವಾದ ನಂಬರು ಹುಡುಕಿ ಫೋನು ಮಾಡಿದ್ದೆ ಎಂದು. ಅವನಿಗೆ ಮದುವೆಯಾಗಿದೆ, ಒಂದು ಹೆಣ್ಣುಮಗು. ಐದು ನಿಮಿಷದ ಮಾತಂತೆ. “ಅವ್ರಿಗೂ ತಿಳೀಬೇಕಿತ್ತು, ಅದಕ್ಕೆ ಹೇಳ್ದೆ. ಅವ್ರೂ ಇಷ್ಟು ವರ್ಷ ತಮ್ಮಲ್ಲೇ ಏನೋ ಕಮ್ಮಿ ಅಂದ್ಕೊಂಡಿದ್ರಂತೆ.” ಇಷ್ಟು ಹೇಳಿ ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ನಾನು ಮುರಿದದ್ದು ಎರಡು ಮನಸ್ಸೆಂದು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಹುಡುಗರು ಸುಮ್ಮನೆ ಹೋಗುತ್ತಾರೆ ಎಂದು ಓದಿ ಓದಿ ನಾನೇ ನಂಬಿಬಿಟ್ಟಿದ್ದೆ.

ಅವಳು ನನ್ನನ್ನು ಕ್ಷಮಿಸಿದ್ದಾಳೆಯೇ ಎಂದು ನಾನು ಕೇಳಿಲ್ಲ. ಮುಂದಿನ ವರ್ಷ ಬಂದ ಒಂದು ಸಂಬಂಧವನ್ನು ಅವಳು ಬೇಡ ಎಂದಳು. ಜಾತಕದ ಮಾತೆತ್ತದೆ, ನೇರವಾಗಿ, ಹುಡುಗನಿಗೇ ಕಾರಣ ಹೇಳಿದಳು. ಇಬ್ಬರಿಗೂ ಇಷ್ಟದ ವಿಷಯಗಳು ಬೇರೆ ಎಂಬುದು ಆ ಕಾರಣ. ತನ್ನಲ್ಲಿ ಏನೋ ಕಾಣುತ್ತದೆ ಎಂಬುದು ಈಗ ಅವಳ ಮಾತಿನಲ್ಲಿ ಬರುವುದಿಲ್ಲ.

ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದರ ಆಪರೇಷನ್ ಆದ ಮೇಲೆ ಕೆಲವು ದಿನ ಓದಬಾರದೆಂದರು. ಭಾನುವಾರ ಮಧ್ಯಾಹ್ನ ಮಗಳು ತಾನಾಗಿಯೇ ಒಂದು ಕಾದಂಬರಿ ತೆಗೆದುಕೊಂಡು ಬಂದು ಎದುರಿಗೆ ಕೂತಳು. ಒತ್ತಕ್ಷರ ಬಂದಲ್ಲಿ ತಡವರಿಸುತ್ತಾಳೆ, ಒಮ್ಮೊಮ್ಮೆ ತೆಲುಗಿನ ರಾಗ ಬರುತ್ತದೆ, ಆದರೆ ಒಂದು ಸಾಲನ್ನೂ ಬಿಡುವುದಿಲ್ಲ. ಆಮೇಲೆ ಕಣ್ಣು ಸರಿಹೋಯಿತು. ಅವಳು ಓದುವುದನ್ನು ನಿಲ್ಲಿಸಲಿಲ್ಲ, ನಾನು ಓದುತ್ತೇನೆ ಎಂದು ಪುಸ್ತಕವನ್ನು ಕೇಳಿ ಪಡೆಯುವ ಹಕ್ಕು ನನಗೂ ಉಳಿದಿರಲಿಲ್ಲ.

ಪ್ರತಿ ಪುಸ್ತಕದಲ್ಲೂ ಎಲ್ಲೋ ಒಂದು ಕಡೆ ಅಪ್ಪ ಬರುತ್ತಾನೆ. ಅಲ್ಲಿ ಅವಳ ಓದು ಇನ್ನಷ್ಟು ನಿಧಾನವಾಗುತ್ತದೆ. ಅಕ್ಷರ ಕಷ್ಟವಾಗಿಯೋ ಬೇರೆ ಕಾರಣಕ್ಕೋ ನಾನು ಕೇಳಿಲ್ಲ. ಎರಡು ಪುಟ ಮುಗಿಯುವವರೆಗೆ ಕೈ ಕಟ್ಟಿಕೊಂಡು ಅವನ ಪಕ್ಕದಲ್ಲಿ ಕೂತಿರುತ್ತೇನೆ.